ಕ್ಯಾಬಿನ್ನಿನಲ್ಲಿ ಉಳಿದ ಕರಡಿಗೆ

ಮಂಗಳವಾರ ಬೆಳಿಗ್ಗೆ ಹಡಗಿನಿಂದ ಬಂದ ಸಂದೇಶದಲ್ಲಿ ಎರಡು ವಿಷಯಗಳಿದ್ದವು. ಮುಂಬೈಯಿಂದ ಕೊಚ್ಚಿಗೆ ಬರುತ್ತಿದ್ದ ಪ್ರಯಾಣಿಕರೊಬ್ಬರು ಹಿಂದಿನ ದಿನ ಮಧ್ಯಾಹ್ನ ಹೃದಯಾಘಾತದಿಂದ ತೀರಿಕೊಂಡಿದ್ದಾರೆ, ಶವ ಹಡಗಿನ ಶೀತಲ ಕೋಣೆಯಲ್ಲಿದೆ. ಜೊತೆಗಿರುವ ಹೆಂಡತಿ ಯಾರ ಪ್ರಶ್ನೆಗೂ ಉತ್ತರ ಕೊಡುತ್ತಿಲ್ಲ.

ಹಡಗು ಹನ್ನೊಂದರ ಹೊತ್ತಿಗೆ ಬಂದರಿನ ಕಟ್ಟೆಗೆ ತಾಗುವುದಿತ್ತು. ಸಂಜೆ ಆರಕ್ಕೆ ಮತ್ತೆ ಹೊರಡುವುದಿತ್ತು. ಕೋವಿಡ್‌ನ ಎರಡನೇ ಅಲೆ ಇಳಿದು, ದೇಶದೊಳಗಿನ ವಿಹಾರದ ಹಡಗುಗಳು ಆಗಷ್ಟೇ ಮತ್ತೆ ಓಡತೊಡಗಿದ್ದವು. ಬಂದರಿಗೆ ಬಂದ ಹಡಗಿನ ಕಾಗದಪತ್ರ, ಪ್ರಯಾಣಿಕರ ಹತ್ತಿಳಿತ, ಅವರ ಪರೀಕ್ಷಾ ವರದಿಗಳನ್ನೆಲ್ಲ ನೋಡಿಕೊಳ್ಳುವ ಏಜೆನ್ಸಿಯೊಂದು ವಿಲ್ಲಿಂಗ್ಡನ್ ದ್ವೀಪದಲ್ಲಿತ್ತು. ನಾನು ಅಲ್ಲಿದ್ದೆ. ಹಡಗಿಗೊಂದು ಪುಟದಂತೆ ದಿನಚರಿ ಬರೆಯುವ ಅಭ್ಯಾಸ ನನ್ನದು. ಎಡಬದಿಯಲ್ಲಿ ಆ ದಿನ ಜಾರಿಯಲ್ಲಿರುವ ನಿಯಮಗಳು, ಬಲಬದಿಯಲ್ಲಿ ನಾವು ಮಾಡಿದ್ದು, ಹೊತ್ತಿನ ಸಮೇತ. ನಿಯಮಗಳು ವಾರವಾರಕ್ಕೆ ಬದಲಾಗುತ್ತಿದ್ದುದರಿಂದ ಎಡಬದಿಯನ್ನು ಪ್ರತಿ ಸಲ ಹೊಸದಾಗಿಯೇ ಬರೆಯಬೇಕಾಗುತ್ತಿತ್ತು. ಮುಂಬೈಯಲ್ಲಿ ಹತ್ತುವ ಮುಂಚಿನ ಎರಡು ದಿನದೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ, ಎರಡೂ ಡೋಸ್ ಲಸಿಕೆ, ಟರ್ಮಿನಲ್ಲಿನಲ್ಲಿ ಇನ್ನೊಂದು ಕ್ಷಿಪ್ರ ಪರೀಕ್ಷೆ. ಆ ದಂಪತಿಗಳು ಈ ಮೂರನ್ನೂ ದಾಟಿಯೇ ಹತ್ತಿದ್ದರು. ಅವರ ವರದಿಗಳ ಪ್ರತಿ ನನ್ನ ಫೈಲಿನಲ್ಲಿತ್ತು.

ಆದರೆ ಸತ್ತವರಿಗೆ ಬೇರೆ ನಿಯಮ. ಬಂದರಿನ ಆರೋಗ್ಯಾಧಿಕಾರಿ ಫೋನಿನಲ್ಲಿ ಹೇಳಿದರು: ಶವವನ್ನು ಇಳಿಸಿದ ಕೂಡಲೇ ಆಸ್ಪತ್ರೆಗೆ ಒಯ್ದು ಮೂಗಿನ ದ್ರವ ತೆಗೆಸಬೇಕು. ಎರಡು ಮೂರು ಗಂಟೆಯಲ್ಲಿ ಫಲಿತಾಂಶ ಕೊಡುವ ಯಂತ್ರದಲ್ಲಿ ಹಾಕಿಸಬೇಕು. ಪಾಸಿಟಿವ್ ಬಂದರೆ ದೇಹವನ್ನು ಚೀಲದಲ್ಲಿ ಮುಚ್ಚಿ ಇಲ್ಲೇ, ಎರ್ನಾಕುಳದಲ್ಲೇ, ಅಧಿಕಾರಿಗಳ ಮುಂದೆ ಮುಗಿಸಬೇಕು. ನೆಗೆಟಿವ್ ಬಂದರೆ ಮನೆಯವರಿಗೆ ಕೊಡಬಹುದು. ಹೆಂಡತಿಗೂ ಪರೀಕ್ಷೆ ಆಗಬೇಕು. ಒಮ್ಮೆ ಕೆಳಗಿಳಿದ ಮೇಲೆ ಅವರು ಮತ್ತೆ ಹಡಗು ಹತ್ತುವಂತಿಲ್ಲ. ಸಾಮಾನನ್ನು ಫಲಿತಾಂಶ ಬಂದ ಮೇಲೆ ಹಡಗಿನವರೇ ಇಳಿಸಿಕೊಡುತ್ತಾರೆ.

ನನ್ನ ಜೊತೆಗಿದ್ದ ಹಿರಿಯ ಸಹೋದ್ಯೋಗಿ ಆಲುವದವರು, ಈ ಕೆಲಸದಲ್ಲೇ ತಲೆ ನರೆತವರು. ನಾನು ಅವರನ್ನು ಚೇಟ್ಟ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದುದು. ಪ್ರಯಾಣಿಕರ ಹಾಳೆ ನೋಡಿ ಅವರು ಮಲಯಾಳದಲ್ಲಿ ಹೇಳಿದರು, "ಮನೆ ತಿರುವನಂತಪುರ. ಹುಟ್ಟೂರು ಗದಗ ಅಂತಿದೆ. ಇದು ನಿಮ್ಮ ಕನ್ನಡದ ಕೇಸು, ಮಗಳೇ. ಹೆಂಡತಿಯ ಹತ್ತಿರ ನೀನು ಕೂತುಕೋ. ದೇಹದ ಜೊತೆ ನಾನು ಹೋಗುತ್ತೇನೆ."

ಕೆಲಸ ಹಾಗೆ ಹಂಚಿಕೆಯಾಯಿತು.

ತಿರುವನಂತಪುರದಲ್ಲಿದ್ದ ಮಗಳಿಗೆ ಫೋನು ಮಾಡಿದವಳು ನಾನು. ಸುದ್ದಿ ಹಿಂದಿನ ಸಂಜೆಯೇ ಹಡಗಿನಿಂದ ತಲುಪಿತ್ತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಮಲಯಾಳದಲ್ಲಿ ಉತ್ತರಿಸಿದಳು. ತಂದೆ ಬಾಹ್ಯಾಕಾಶ ಸಂಸ್ಥೆಯಿಂದ ಆ ತಿಂಗಳಷ್ಟೇ ನಿವೃತ್ತರಾಗಿದ್ದರು. ಪ್ರವಾಸ ಎರಡು ಸಲ ಮುಂದೆ ಹೋಗಿ, ಕೊನೆಗೆ ಹೊರಟಿದ್ದರು. ಅಂತ್ಯಕ್ರಿಯೆಯ ಬಗ್ಗೆ ಕೇಳಿದಾಗ, "ವಿದ್ಯುತ್ ಚಿತಾಗಾರ ಬುಕ್ ಮಾಡಿ, ಅಕ್ಕ. ನನಗೆ ಬೇರೆ ಏನೂ ಗೊತ್ತಿಲ್ಲ" ಎಂದಳು. ಮರುದಿನ ಮಧ್ಯಾಹ್ನದ ಸರದಿ ಸಿಕ್ಕಿತು. ಬಲಬದಿಯಲ್ಲಿ ಬರೆದುಕೊಂಡೆ.

ಹಡಗು ಬಂತು. ಮೊದಲು ದೇಹ ಇಳಿಯಿತು, ಪ್ರಯಾಣಿಕರ ಕಣ್ಣಿಗೆ ಬೀಳದಂತೆ, ಸಾಮಾನು ಏರಿಸುವ ಕೆಳಗಿನ ಬಾಗಿಲಿನಿಂದ. ಚೇಟ್ಟ ಆಂಬುಲೆನ್ಸಿನ ಮುಂದೆ ಕೂತು ಹೋದರು. ಆಮೇಲೆ ಆಕೆ ಇಳಿದರು. ಇಳಕಲ್ ಸೀರೆ, ಕಾಲಿಗೆ ಹಡಗಿನವರು ಕೊಟ್ಟ ಬಿಳಿ ಚಪ್ಪಲಿ. ಕೈಯಲ್ಲಿ ಏನೂ ಇರಲಿಲ್ಲ. ಟರ್ಮಿನಲ್ಲಿನಲ್ಲಿ ಪರೀಕ್ಷೆಯವರು ಮಲಯಾಳದಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ತಲೆ ಹಿಂದಕ್ಕೆ ಬಾಗಿಸಲು ಹೇಳಿದರು. ಮೂವತ್ತು ವರ್ಷ ತಿರುವನಂತಪುರದಲ್ಲಿದ್ದವರಿಗೆ ಅದು ತಿಳಿಯದ ಮಾತಲ್ಲ. ಅವರಿಗೆ ಕೇಳಿಸುತ್ತಲೇ ಇರಲಿಲ್ಲ.

"ಅಮ್ಮ, ಸ್ವಲ್ಪ ತಲೆ ಎತ್ತಿ. ಒಂದು ಚೂರು ಉರಿಯುತ್ತದೆ ಅಷ್ಟೆ" ಎಂದೆ.

ಆಕೆ ತಿರುಗಿ ನೋಡಿದರು. ತಲೆ ಎತ್ತಿದರು.

ಫಲಿತಾಂಶ ಬರುವ ತನಕ ಕೂರಲು ಟರ್ಮಿನಲ್ಲಿನ ಒಂದು ಪಕ್ಕದ ಕೋಣೆ ಕೊಟ್ಟಿದ್ದರು. ಕಿಟಕಿ ತೆರೆಯದ ಏಸಿ ಕೋಣೆ, ಎರಡು ಕುರ್ಚಿ. ಆಕೆ ಹಿಂದಿನ ಮಧ್ಯಾಹ್ನದಿಂದ ಏನೂ ತಿಂದಿಲ್ಲ, ನೀರೂ ಕುಡಿದಿಲ್ಲ ಎಂದು ಹಡಗಿನ ನರ್ಸ್ ಹೇಳಿ ಕಳಿಸಿದ್ದರು. ನಾನು ಹೊರಗಿನ ಗಾಡಿಯಿಂದ ಒಂದು ಲೋಟ ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಕಪ್ಪು ಚಹಾ, ಸಕ್ಕರೆ ಜಾಸ್ತಿ ಹಾಕಿಸಿ ತಂದೆ.

"ನಿನಗ?" ಎಂದರು. ಅದು ಅವರ ಮೊದಲ ಮಾತು.

"ನನ್ನದಾಯ್ತು ಅಮ್ಮ."

"ಸುಳ್ಳ. ನಿನ್ನ ಮಾರಿ ಹೇಳ್ತದ, ಬೆಳಗಿಂದ ನೀನೂ ಏನೂ ತಿಂದಿಲ್ಲ. ಮುಂದ ಒಬ್ರು ಹಸಗೊಂಡ ಕುಂತಾಗ ಒಬ್ಬಾಕಿನ ಕುಡ್ಯಾಂಗಿಲ್ಲವಾ ನಮ್ಮ ಕಡೆ. ತಗೊಂಡ ಬಾ ಹೋಗು."

ಇನ್ನೊಂದು ಲೋಟ ತಂದೆ. ಕುಡಿಯಬೇಕಾದರೆ ಮುಖಗವಸು ಇಳಿಸಲೇಬೇಕು. ಇಬ್ಬರೂ ಇಳಿಸಿದೆವು. ನಮ್ಮ ಮೊಣಕಾಲುಗಳ ನಡುವೆ ಒಂದು ಗೇಣು ಜಾಗವಿತ್ತು.

"ಯಾ ಊರಾಕಿ?"

"ಕಾಸರಗೋಡು ಕಡೆಯವಳು. ಬದಿಯಡ್ಕದ ಹತ್ತಿರ."

"ಅದಕ್ಕ ಹಿಂಗ ಪುಸ್ತಕ ಓದಿದಂಗ ಮಾತಾಡ್ತಿ." ಒಂದು ಗುಟುಕು ಕುಡಿದರು. "ನಮ್ಮವರು ಇದ್ದಿದ್ರ ನಗತಿದ್ರು. ಕಾಸರಗೋಡಿನ ಹುಡುಗ ಒಬ್ಬ ಇದ್ದ ಅವರ ಸೆಕ್ಷನ್ನಿನಾಗ. ಎಂತ ಸಾರ್, ಎಂತ ಸಾರ್ ಅಂತಿದ್ದ. ಮನಿಗೆ ಬಂದು ಅವನಂಗ ಮಾಡಿ ತೋರಸ್ತಿದ್ರು."

ಆಮೇಲೆ ಮಾತು ಬಂತು. ಊಟಕ್ಕೆ ಕೂತಿದ್ದರಂತೆ. ತಟ್ಟೆ ಹಿಡಿದುಕೊಂಡೇ ಕೆಳಗೆ ಕುಸಿದರಂತೆ. ಹಡಗಿನ ಡಾಕ್ಟರು ಓಡಿ ಬಂದು ಎದೆ ಒತ್ತಿದರು, ಕರೆಂಟು ಕೊಟ್ಟರು. ಅದಕ್ಕೆ ಮುಂಚೆ ಅಂಗಿ ಹರಿದರು, ಕೊರಳಲ್ಲಿದ್ದುದನ್ನು ಕತ್ತರಿಯಿಂದ ಕತ್ತರಿಸಿದರು.

"ಶಿವದಾರ ಕತ್ತರಿಸಿಬಿಟ್ರು. ಲಿಂಗಾನ ನನ್ನ ಕೈಗೆ ಕೊಟ್ರು. ನಾ ಅದನ್ನ ಕರಡಿಗಿ ಸಮೇತ ಕೆಂಪು ವಸ್ತ್ರದಾಗ ಸುತ್ತಿ ರೂಮಿನಾಗ ಮಂಚದ ಬಾಜೂ ಡ್ರಾಯರಿನಾಗ ಇಟ್ಟೀನಿ. ಕೈಬೀಸಿಕೊಂಡು ಇಳೀರಿ, ಏನೂ ತರಬ್ಯಾಡ್ರಿ ಅಂದ್ರು ಹಡಗಿನವರು. ಸಾಮಾನು ಬರ್ತಾವಲ್ಲ?"

"ಬರ್ತವೆ ಅಮ್ಮ. ನಿಮ್ಮ ರಿಸಲ್ಟ್ ಬಂದ ಕೂಡಲೇ ತಂದುಕೊಡ್ತಾರೆ."

"ಅದು ಅವರ ಕೈಯಾಗ ಇರಬೇಕವಾ, ಕೂಡಸೂ ಮುಂದ. ಎಡಗೈಯಾಗ."

ಕೂಡಿಸುವುದು ಎಂದರೇನು ಎಂದು ನಾನು ಕೇಳಿದೆ. ಲಿಂಗಾಯತರಲ್ಲಿ ದೇಹವನ್ನು ಸುಡುವುದಿಲ್ಲ, ಕುಣಿ ತೋಡಿ, ಪದ್ಮಾಸನದಲ್ಲಿ ಕೂರಿಸಿ, ಕೊರಳಲ್ಲಿ ಜೀವಮಾನವಿಡೀ ಇದ್ದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಕೊಡುತ್ತಾರೆ ಎಂದು ನನಗೆ ಗೊತ್ತಾದದ್ದು ಆ ಕುರ್ಚಿಯಲ್ಲಿ. ತಾನು ಧರಿಸಿದ್ದ ಕರಡಿಗೆಯನ್ನು ಆಕೆ ಸೀರೆಯ ಮೇಲಿಂದಲೇ ಮುಟ್ಟಿ ತೋರಿಸಿದರು. ಮೊಟ್ಟೆಯಷ್ಟು ದೊಡ್ಡ ಬೆಳ್ಳಿಯ ಪೆಟ್ಟಿಗೆ.

"ಲಿಂಗ ಇಲ್ಲದ ಕೂಡಸೂದಂದ್ರ…" ಎಂದವರು ವಾಕ್ಯ ಮುಗಿಸಲಿಲ್ಲ.

ಚಿತಾಗಾರದ ಸರದಿ ಬುಕ್ ಆಗಿದೆ ಎಂದು ನಾನು ಹೇಳಬೇಕಾಯಿತು. ಆಕೆಗೆ ಸಿಟ್ಟು ಬರಲಿಲ್ಲ. "ಯಾರು ಹೇಳಿದ್ರು? ಮಗಳು? ಆಕಿಗೇನು ಗೊತ್ತು. ಸಾವು ನೋಡಿಲ್ಲ ಆಕಿ. ಊರಾಗ ಯಾರರ ಸತ್ತರ ನಾವಿಬ್ಬರ ಹೋಗಿ ಬರತಿದ್ವಿ. ಪರೀಕ್ಷಾ ಅದ, ಇರಲಿ ಅಂತ ಆಕಿನ್ನ ಬಿಟ್ಟ ಹೋಗತಿದ್ವಿ" ಎಂದರು. ಮನೆಯ ಹಿತ್ತಲಲ್ಲಿ ತೆಂಗಿನ ಮರದ ಆಚೆ ಜಾಗವಿದೆಯಂತೆ. ಆ ಊರಲ್ಲಿ ಎಷ್ಟೋ ಮನೆಯವರು ತಮ್ಮವರನ್ನು ಹಿತ್ತಲಲ್ಲೇ ಮಣ್ಣು ಮಾಡುತ್ತಾರೆ, ದಹಿಸುತ್ತಾರೆ. ಗಂಡ ಜಾಗ ಕೊಳ್ಳುವಾಗಲೇ ಅದನ್ನು ನೋಡಿ ನಗುತ್ತ ಹೇಳಿದ್ದರಂತೆ, ಇದು ನನ್ನ ಕೊನೆಯ ಪೋಸ್ಟಿಂಗು ಎಂದು.

ನಾನು ಸರದಿ ರದ್ದು ಮಾಡಿಸಿದೆ. ವಾರ್ಡಿನ ಸದಸ್ಯರ ಒಪ್ಪಿಗೆ ತರಲು ಮಗಳಿಗೆ ಹೇಳಿದೆ. ಅದೇ ಊರಿನಲ್ಲಿ ಬ್ಯಾಂಕಿನಲ್ಲಿರುವ ಬಾಗಲಕೋಟೆಯ ಕಡೆಯ ಒಬ್ಬ ಜಂಗಮರ ನಂಬರನ್ನು ಆಕೆ ಬಾಯಿಪಾಠದಿಂದ ಹೇಳಿದರು. ಅವರು ಒಪ್ಪಿದರು. "ದೇಹ ನಾಳೆ ಬೆಳಿಗ್ಗೆ ಮುಟ್ಟಲಿ ತಂಗಿ. ಥಂಡ್ಯಾಗ ಇಟ್ಟದ್ದು ಬಿಗತಿರ್ತದ. ಬಿಸಿನೀರು ಹಾಕಿ ನಿಧಾನ ಮಡಚಬೇಕು. ನಾ ಮಾಡ್ತೀನಿ. ಲಿಂಗ ಜೊತೀಗೆ ಬರಲಿ" ಎಂದರು. ಲಿಂಗ ಆಂಬುಲೆನ್ಸಿನ ಜೊತೆಗೇ ಬರುತ್ತದೆ ಎಂದೆ. ಅವರಿಗೂ ಹೇಳಿದೆ, ಆಕೆಗೂ ಹೇಳಿದೆ.

ಮೂರೂವರೆಗೆ ಚೇಟ್ಟನ ಫೋನು: ದೇಹ ನೆಗೆಟಿವ್. ಆಸ್ಪತ್ರೆಯ ಕಾಗದ ಕೈಗೆ ಬರುತ್ತಿದೆ. ನಾನು ಆಕೆಗೆ ಹೇಳಿದೆ. ಆಕೆ ಕಣ್ಣು ಮುಚ್ಚಿ ಎರಡೂ ಕೈ ಕೊರಳ ಬಳಿ ಒಯ್ದರು.

ನಾಲ್ಕೂ ಕಾಲಿಗೆ ಬಂದರಿನ ಆರೋಗ್ಯಾಧಿಕಾರಿಯ ಫೋನು: ಹೆಂಡತಿ ಪಾಸಿಟಿವ್.

ಆಕೆಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ನಿಯಮಕ್ಕೆ ಅವು ಬೇಕಾಗಿಯೂ ಇರಲಿಲ್ಲ. ಆಕೆಯನ್ನು ಏಲೂರ್ ಹತ್ತಿರದ ಚಿಕಿತ್ಸಾ ಕೇಂದ್ರಕ್ಕೆ ಒಯ್ಯುತ್ತಾರೆ, ದೇಹದ ಜೊತೆ ಹೋಗುವಂತಿಲ್ಲ, ಮನೆಗೂ ಹೋಗುವಂತಿಲ್ಲ. ಇದನ್ನೆಲ್ಲ ನಾನು ಒಂದೊಂದಾಗಿ ಹೇಳಿದೆ. ಹೇಳುವಾಗ ನಾನು ಎದ್ದು ಬಾಗಿಲ ಬಳಿ ನಿಂತಿದ್ದೆ. ಅದು ಆಕೆಯ ಕಣ್ಣಿಗೆ ಬಿತ್ತು.

"ಹಂಗಾರ ಅವರನ್ನ ಇಡ್ರಿ. ನಾ ಬರೂ ತನಕ."

"ಅಷ್ಟು ದಿವಸ ಶವಾಗಾರದಲ್ಲಿ ಇಟ್ಟುಕೊಳ್ಳುವುದಿಲ್ಲ ಅಮ್ಮ. ಜಾಗ ಇಲ್ಲ."

"ಹಂಗಾರ ಕಳಸ್ರಿ. ಮಗಳು ಕೂಡಸಲಿ. ಲಿಂಗ ಒಂದು ಕೈ ತಪ್ಪಬಾರದವಾ. ಅದು ಒಂದು ನಿನ್ನ ಮ್ಯಾಲ."

"ನಾನು ತರ್ತೇನೆ" ಎಂದೆ.

ಆಂಬುಲೆನ್ಸಿನವರು ನೀಲಿ ಪಿಪಿಇ ಕಿಟ್ಟು ಹಾಕಿಕೊಂಡು ಬಂದು ಆಕೆಯನ್ನು ಕರೆದೊಯ್ದರು. ಬಿಳಿ ಚಪ್ಪಲಿಯಲ್ಲಿ ಒಂದನ್ನು ಮೆಟ್ಟಿಲಲ್ಲಿ ಬಿಟ್ಟು ಹೋದರು. ಯಾರೂ ಅದನ್ನು ಮುಟ್ಟಲಿಲ್ಲ.

ಹಡಗಿನ ಏಣಿಯ ಬುಡಕ್ಕೆ ಬಂದಾಗ ಐದಾಗಿತ್ತು. ಪ್ರಯಾಣಿಕರ ವ್ಯವಹಾರ ನೋಡಿಕೊಳ್ಳುವ ಪರ್ಸರ್, ಹಿಂದಿ ಆಡುವ ಒಬ್ಬ ಗೋವಾದವರು, ಕೆಳಗಿಳಿದು ಬಂದಿದ್ದರು. ಪಾಸಿಟಿವ್ ಎಂಬ ಸುದ್ದಿ ಬಂದ ಕೂಡಲೇ ಆ ಕ್ಯಾಬಿನ್ನಿಗೆ ಟೇಪು ಸುತ್ತಿ ಮೊಹರು ಹಾಕಿದ್ದರು. ಔಷಧ ಹೊಡೆದು ಒಂದು ದಿನ ಕಳೆಯುವ ತನಕ ಒಳಗಿನ ಸೂಜಿಯೂ ಹೊರಬರುವಂತಿಲ್ಲ. ಅಷ್ಟರಲ್ಲಿ ಹಡಗು ನಡುಗಡಲಲ್ಲಿರುತ್ತದೆ.

ನಾನು ಲಿಂಗದ ವಿಷಯ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಫೋನಿನಲ್ಲಿ ಕ್ಯಾಪ್ಟನ್ನಿನ ಜೊತೆ ಮಾತಾಡಿದರು. ಕೊನೆಗೆ ಒಂದು ದಾರಿ ಸಿಕ್ಕಿತು. ಏಜೆನ್ಸಿಯ ಪಾಸಿರುವವರು, ಅಂದರೆ ನಾನು ಅಥವಾ ಚೇಟ್ಟ, ಕಿಟ್ಟು ಹಾಕಿಕೊಂಡು ಮೇಲೆ ಬಂದು, ಅವರೆದುರು ಬಾಗಿಲು ತೆಗೆಸಿ, ಅದೊಂದನ್ನೇ ತೆಗೆದು, ನಮ್ಮ ಜವಾಬ್ದಾರಿ ಎಂದು ಸಹಿ ಹಾಕಿ ಒಯ್ಯಬಹುದು.

"ಹತ್ತು ನಿಮಿಷದ ಕೆಲಸ" ಎಂದರು. "ಕಿಟ್ಟು ಇಲ್ಲೇ ಇದೆ. ಇದನ್ನು ತುಂಬಿ ಬನ್ನಿ."

ಅದು ಹಡಗು ಹತ್ತುವ ಪ್ರತಿಯೊಬ್ಬರೂ ತುಂಬುವ ಆರೋಗ್ಯದ ಹಾಳೆ. ಆ ತಿಂಗಳಲ್ಲಿ ನಾನು ಅದೆಷ್ಟು ಸಲ ತುಂಬಿದ್ದೆನೋ. ಜ್ವರ ಇದೆಯೇ, ಇಲ್ಲ. ಕೆಮ್ಮು, ಇಲ್ಲ. ಹದಿನಾಲ್ಕು ದಿನದೊಳಗೆ ಸೋಂಕಿತರ ನಿಕಟ ಸಂಪರ್ಕಕ್ಕೆ ಬಂದಿದ್ದೀರಾ?

ಪೆನ್ನು ಅಲ್ಲಿ ನಿಂತಿತು.

ನಿಕಟ ಸಂಪರ್ಕ ಎಂದರೇನೆಂದು ನನ್ನ ದಿನಚರಿಯ ಎಡಬದಿಯಲ್ಲಿ ನಾನೇ ಬರೆದುಕೊಂಡಿದ್ದೆ: ಮುಖಗವಸಿಲ್ಲದೆ, ಒಂದು ಮೀಟರಿನೊಳಗೆ, ಹದಿನೈದು ನಿಮಿಷ. ಚಹಾ ಎಷ್ಟು ಹೊತ್ತಾಯಿತು ಎಂದು ಬಲಬದಿ ನೋಡಬೇಕಾಗಿರಲಿಲ್ಲ. ಆ ಕೋಣೆಯ ಕಿಟಕಿ ತೆರೆಯುವಂಥದ್ದಾಗಿರಲಿಲ್ಲ. ನಾವು ಲೋಟ ಖಾಲಿಯಾದ ಮೇಲೂ ಮುಖಗವಸು ಏರಿಸಿಕೊಂಡಿರಲಿಲ್ಲ. ಆಕೆ ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ.

ಇದನ್ನು ನೋಡಿದವರು ಯಾರೂ ಇಲ್ಲ. ಕಿಟ್ಟು ಹಾಕಿಕೊಂಡೇ ಹತ್ತುತ್ತೇನೆ. ಹತ್ತು ನಿಮಿಷ. ಇಷ್ಟನ್ನೂ ನಾನು ಯೋಚಿಸಿದೆ. ಜೊತೆಗೆ, ಮೇಲೆ ಕಟಕಟೆಗೆ ಒರಗಿ ಬಂದರನ್ನು ನೋಡುತ್ತಿದ್ದವರನ್ನೂ ನೋಡಿದೆ. ಐಸ್‌ಕ್ರೀಂ ತಿನ್ನುವ ಮಕ್ಕಳು, ಗಾಲಿಕುರ್ಚಿಯಲ್ಲಿದ್ದ ಒಬ್ಬ ಮುದುಕರು. ಅವರ ಪ್ರತಿಯೊಬ್ಬರ ನೆಗೆಟಿವ್ ವರದಿಯನ್ನು ತಿರುವಿ ನೋಡಿ, ಗಡುವು ಒಂದು ಗಂಟೆ ಮೀರಿದ್ದರೂ ಜನರನ್ನು ಗೇಟಿನಿಂದ ವಾಪಸು ಕಳಿಸಿದವಳು ನಾನು. ಒಂದು ಸಲ ಒಬ್ಬ ಮದುಮಗಳು ನನ್ನೆದುರು ಅತ್ತಿದ್ದಳು. ಅವಳಿಗೆ ನಾನು ನಿಯಮದ ಪ್ರತಿ ತೋರಿಸಿದ್ದೆ.

ಹೌದು ಎಂಬಲ್ಲಿ ಗುರುತು ಹಾಕಿದೆ.

ಪರ್ಸರ್ ಹಾಳೆ ಓದಿ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ನನ್ನ ಮುಖ ನೋಡಿದರು. "ಮೇಡಂ, ಇದನ್ನು ಯಾಕೆ ಬರೆದಿರಿ? ನಾನು ಕೇಳಿರಲಿಲ್ಲವಲ್ಲ."

"ಹಾಳೆ ಕೇಳಿತು."

"ಹಾಳೆಗೆ ಕಣ್ಣಿದೆಯೇ?" ಎಂದರು. ಆದರೆ ಅದನ್ನು ಹರಿಯಲಿಲ್ಲ. ಇನ್ನೊಂದು ಹಾಳೆಯನ್ನೂ ಕೊಡಲಿಲ್ಲ.

ನೀವೇ ಯಾರಾದರೂ ತೆಗೆದು ಹಗ್ಗದಲ್ಲಿ ಇಳಿಸಿ, ನಾನು ಕೆಳಗೆ ನಿಂತು ಹಿಡಿಯುತ್ತೇನೆ ಎಂದೆ. ಅವರು ಮೇಲೆ ಹೋಗಿ ಬಂದರು. ಕ್ಯಾಪ್ಟನ್ ಒಪ್ಪಲಿಲ್ಲ. ಮೊಹರು ಒಡೆಯಬೇಕಾದರೆ ಏಜೆಂಟು ಬಾಗಿಲಲ್ಲಿರಬೇಕು. ಆಸ್ಪತ್ರೆಯಲ್ಲಿದ್ದ ಚೇಟ್ಟನಿಗೆ ಫೋನು ಮಾಡಿದೆ. "ಬಂದೆ, ಬಂದೆ" ಎಂದರು. ಸಂಜೆಯ ಹೊತ್ತು. ಎರ್ನಾಕುಳದಿಂದ ದ್ವೀಪಕ್ಕೆ ಬರುವ ಸೇತುವೆಯ ಮೇಲೆ ವಾಹನಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸೇತುವೆಯ ತುದಿಯಲ್ಲಿ ಆಟೊ ಬಿಟ್ಟು ನಡೆದೇ ಬರುತ್ತಿದ್ದೇನೆ ಎಂದು ಮತ್ತೆ ಫೋನು ಮಾಡಿದರು. ಅಷ್ಟರಲ್ಲಿ ಹಡಗನ್ನು ಬಂದರಿನಿಂದ ಹೊರಗೆ ನಡೆಸುವ ಪೈಲಟ್ ಹತ್ತಿಯಾಗಿತ್ತು. ಚೇಟ್ಟ ಬಂದರಿನ ಗೇಟಿನಿಂದ ಕಟ್ಟೆಯತ್ತ ಓಡಿ ಬರುತ್ತಿದ್ದಾಗ ಏಣಿ ಮೇಲೆ ಹೋಗುತ್ತಿತ್ತು. ಆ ವಯಸ್ಸಿನವರು ಓಡುವುದನ್ನು ನಾನು ಅದೇ ಮೊದಲು ಕಂಡದ್ದು.

ಹಗ್ಗ ಬಿಚ್ಚಿದರು. ಹಡಗಿನಲ್ಲಿ ಸಂಗೀತ ಶುರುವಾಯಿತು. ಪ್ರತಿ ಬಂದರು ಬಿಡುವಾಗಲೂ ಅವರು ಹಾಕುವ ಹಾಡು ಅದು. ಮೇಲಿನಿಂದ ಮಕ್ಕಳು ನಮಗೆ ಕೈ ಬೀಸಿದರು. ಚೇಟ್ಟ ಮೊಣಕಾಲು ಹಿಡಿದು ಬಾಗಿ ಉಸಿರು ಬಿಡುತ್ತ, ಅಭ್ಯಾಸಬಲದಿಂದ ಒಂದು ಕೈ ಎತ್ತಿ ಬೀಸಿದರು. ನಾನು ಅವರಿಂದ ದೂರ ನಿಂತಿದ್ದೆ. ದೂರ ನಿಲ್ಲಬೇಕಾಗಿತ್ತು.

ತ್ರಿಪ್ಪುಣಿತ್ತುರದ ನನ್ನ ಹಾಸ್ಟೆಲ್ಲಿನವರು ಸಂಪರ್ಕಿತಳನ್ನು ಒಳಗೆ ಬಿಡಲಿಲ್ಲ. ಹಡಗು ಸೇರಲು ಬರುವ ನಾವಿಕರನ್ನು ಏಕಾಂತದಲ್ಲಿಡಲು ಆಲುವದಲ್ಲಿ ನಾವೇ ಗೊತ್ತು ಮಾಡಿದ್ದ ಲಾಡ್ಜಿನಲ್ಲಿ ಒಂದು ಕೋಣೆ ಸಿಕ್ಕಿತು. ಊಟದ ಪೊಟ್ಟಣವನ್ನು ಬಾಗಿಲ ಹೊರಗಿನ ಸ್ಟೂಲಿನ ಮೇಲಿಟ್ಟು ಹೋಗುತ್ತಿದ್ದರು. ಆ ಸ್ಟೂಲು ಇಡಬೇಕೆಂಬ ನಿಯಮ ಬರೆದವಳೂ ನಾನೇ.

ಅಲ್ಲಿಂದ ಏಲೂರಿನ ವಾರ್ಡಿನ ನರ್ಸಿನ ಫೋನಿಗೆ ಕರೆ ಮಾಡಿ ಆಕೆಯ ಕೈಗೆ ಕೊಡಿಸಿದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಲಿಂಗ ಹಡಗಿನಲ್ಲೇ ಹೋಯಿತು, ಮುಂಬೈಗೆ ಮುಟ್ಟಿದ ಮೇಲೆ ಕಳಿಸುತ್ತಾರೆ.

"ನೀ ತರತೀನಿ ಅಂದಿದ್ದಿ."

"ಹೌದು ಅಮ್ಮ."

"ಮತ್ತ?"

ಹಾಳೆಯ ವಿಷಯ ಹೇಳಿದೆ. ಆ ಕಡೆ ಯಾರೋ ಕೆಮ್ಮುತ್ತಿದ್ದರು. ಆಕೆಯಲ್ಲ, ವಾರ್ಡಿನಲ್ಲಿದ್ದ ಬೇರೆ ಯಾರೋ.

"ಖರೇ ಬರದಿ ಅಂದಂಗಾತು" ಎಂದರು. ಮೆಚ್ಚಿಗೆಯೋ ಬೈಗುಳವೋ ಆ ದನಿಯಿಂದ ತಿಳಿಯಲಿಲ್ಲ. ಫೋನು ಇಟ್ಟರು.

ದೇಹ ಬುಧವಾರ ನಸುಕಿನಲ್ಲಿ ಚೇಟ್ಟನ ಜೊತೆ ಹೊರಟು ತಿರುವನಂತಪುರ ಸೇರಿತು. ಮಧ್ಯಾಹ್ನ ಬ್ಯಾಂಕಿನವರು ವಿಡಿಯೊ ಕರೆ ಮಾಡಿ ಮೂರು ಕಡೆ ಜೋಡಿಸಿದರು. ಹಿತ್ತಲು, ಏಲೂರಿನ ವಾರ್ಡು, ಆಲುವದ ಲಾಡ್ಜು. ಅಲ್ಲಿ ಫೋನು ಹಿಡಿದದ್ದು ಚೇಟ್ಟ. ತೆಂಗಿನ ಮರದ ಆಚೆ ಕೆಂಪು ಮಣ್ಣಿನ ಕುಣಿ. ಬಿಸಿನೀರಿನ ಹಂಡೆ. ಬ್ಯಾಂಕಿನವರು ಪಂಚೆ ಉಟ್ಟು, ಮೊಣಕೈ ತನಕ ಒದ್ದೆಯಾಗಿ, ಮಂಡಿಗಳನ್ನು ಉಜ್ಜುತ್ತಿದ್ದರು. ಬಹಳ ಹೊತ್ತು ಹಿಡಿಯಿತು. ಚೇಟ್ಟ ಒಮ್ಮೆ ಫೋನನ್ನು ಬೇರೆ ಕಡೆ ತಿರುಗಿಸಿದರು. "ಇತ್ತ ಹಿಡೀರಿ, ನಾ ನೋಡಬೇಕು" ಎಂದು ಆಕೆ ಕನ್ನಡದಲ್ಲಿ ಹೇಳಿದ್ದು ಅವರಿಗೆ ಹೇಗೋ ಅರ್ಥವಾಯಿತು.

ಕುಣಿಯೊಳಗೆ ಇಳಿದು ಹಿಡಿದುಕೊಳ್ಳಲು ಮನೆಯವರೊಬ್ಬರು ಬೇಕಿತ್ತು. ಮಗಳು ಇಳಿದಳು. ಚೂಡಿದಾರದ ಮೇಲೆ ತಾಯಿಯ ಒಂದು ಸೀರೆಯನ್ನು ಹೇಗೋ ಸುತ್ತಿಕೊಂಡಿದ್ದಳು.

"ಬೆನ್ನು ನೆಟ್ಟಗ ಇರಲಿ" ಎಂದರು ಆಕೆ ಫೋನಿನಿಂದ. "ಮಾರಿ ನನ್ನ ಕಡೆ… ಅಲ್ಲ, ಅಯ್ನೋರು ಹೇಳಿದ ಕಡೆ ಮಾಡು. ಹೂಂ. ಭುಜ ಹಿಡಿ. ಅಂಜಬ್ಯಾಡ. ನಿಮ್ಮ ಅಪ್ಪ ಅದಾರ."

"ಶರಿ, ಅಮ್ಮೇ" ಎಂದಳು ಮಗಳು.

ಬ್ಯಾಂಕಿನವರು ತಲೆ ಎತ್ತಿ ಕೇಳಿದರು, "ಅಕ್ಕಾರ, ಲಿಂಗ ಬಂದಿಲ್ಲಂದ್ರ ಕೈಯಾಗ ಏನ ಇಡೂಣ್ರಿ?"

ಲಾಡ್ಜಿನ ಗೋಡೆಯ ಮೇಲೆ ನಾನೇ ಅಂಟಿಸಿದ್ದ ಕೈತೊಳೆಯುವ ಚಿತ್ರ ನನ್ನೆದುರಿಗಿತ್ತು.

"ಖಾಲಿ ಬ್ಯಾಡ" ಎಂದರು ಆಕೆ ಕೊನೆಗೆ. "ಅವರ ಪೂಜಾದ ವಿಭೂತಿ ಗಟ್ಟಿ ಅದ ನೋಡ್ರಿ, ದೇವರ ಜಗಲಿ ಮ್ಯಾಲ. ಅದನ್ನ ಇಡ್ರಿ."

ಮಗಳು ಆ ಬಿಳಿಯ ಗಟ್ಟಿಯನ್ನು ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಬೆರಳು ಬಿಚ್ಚಿಕೊಂಡವು. ಮತ್ತೆ ಮಡಿಸಿದಳು. ಕೊನೆಗೆ ತನ್ನ ಕೈಯನ್ನು ಮೇಲಿಟ್ಟುಕೊಂಡೇ ಕೂತಳು. ಸೊಂಟದವರೆಗೆ ಮಣ್ಣು ಬರುವ ತನಕ ಅವಳನ್ನು ಮೇಲೆತ್ತಲು ಆಗಲಿಲ್ಲ.

ನನ್ನ ಪರೀಕ್ಷೆ ಮೂರು ಸಲ ಆಯಿತು. ಮೊದಲ ದಿನ, ಐದನೆಯ ದಿನ, ಕೊನೆಯ ದಿನ. ಮೂರೂ ನೆಗೆಟಿವ್. ಬರೆದುಕೊಂಡೆ. ಬರೆದ ಮೇಲೆ ಆ ಪುಟವನ್ನು ಬಹಳ ದಿನ ತೆರೆಯಲಿಲ್ಲ. ಆ ದಿನ ಏಣಿ ಹತ್ತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ ಎಂದು ಈಗ ಹೇಳಬಹುದು. ಆ ಸಂಜೆ ಅದನ್ನು ಹೇಳುವ ಪರೀಕ್ಷೆ ಇರಲಿಲ್ಲ.

ಮುಂಬೈಯಿಂದ ಪಾರ್ಸೆಲ್ ಬಂದಾಗ ನಾನು ಕೆಲಸಕ್ಕೆ ಮರಳಿದ್ದೆ. ಔಷಧ ಹೊಡೆದ ಹೊಡೆತಕ್ಕೆ ಕೆಂಪು ವಸ್ತ್ರ ಅಲ್ಲಲ್ಲಿ ಬಿಳಿಚಿಕೊಂಡಿತ್ತು. ಬೆಳ್ಳಿ ಕಪ್ಪಾಗಿತ್ತು. ತೆರೆದು ನೋಡಲಿಲ್ಲ. ಭಾನುವಾರ ಬೆಳಗಿನ ರೈಲಿನಲ್ಲಿ ತಿರುವನಂತಪುರಕ್ಕೆ ಹೋದೆ. ಚೀಲದೊಳಗಿಡಲು ಮನಸ್ಸಾಗದೆ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದೆ.

ಬಾಗಿಲು ತೆಗೆದವಳು ಮಗಳು. ಆಕೆ ಒಳಗಿನಿಂದ ಬಂದರು. ಬಹಳ ಇಳಿದುಹೋಗಿದ್ದರು. ನಾನು ಎರಡೂ ಕೈಯಲ್ಲಿ ಚಾಚಿದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನನಗೆ ಕುರ್ಚಿ ತೋರಿಸಿದರು.

"ನಿನಗ ಬಂತೇನ, ಬ್ಯಾನಿ?"

"ಇಲ್ಲ ಅಮ್ಮ. ಬರಲಿಲ್ಲ."

ಆಕೆ ತಲೆಯಾಡಿಸಿದರು. ಲೆಕ್ಕ ಹಾಕುತ್ತಿರುವವರ ಹಾಗೆ ನನ್ನನ್ನೇ ನೋಡಿದರು.

"ನೀನೂ ಕುಡಿ ಅಂದಾಕಿ ನಾ" ಎಂದರು. "ದಿನಾ ಅದ ನೆನಸ್ತೀನಿ. ಒಬ್ಬಾಕಿನ ಕುಡದಿದ್ರ, ನೀ ಮ್ಯಾಲ ಹತ್ತತಿದ್ದಿ."

ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಅದು ಹಾಗೆಯೇ ಇತ್ತು.

ಮಗಳು ಒಳಗಿನಿಂದ ಚಹಾ ತಂದಳು. ತಟ್ಟೆಯಲ್ಲಿ ಮೂರು ಲೋಟ ಇದ್ದವು. ಆಕೆ ಒಂದನ್ನು ಎತ್ತಿ ನನ್ನ ಮುಂದಿಟ್ಟರು. ಉಳಿದ ಎರಡನ್ನು ತಟ್ಟೆಯಲ್ಲೇ ಬಿಟ್ಟರು. "ನೀ ಕುಡಿ" ಎಂದು, ಗಂಟನ್ನು ಎದೆಗೆ ಹಿಡಿದುಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಹೋದರು. ಮಗಳು ಹಿಂದೆ ಹೋದಳು.

ಕೂತಲ್ಲಿಂದ ಕಿಟಕಿಯಲ್ಲಿ ಕಾಣುತ್ತಿತ್ತು. ತೆಂಗಿನ ಮರದ ಆಚೆ ಮಣ್ಣಿನ ದಿಬ್ಬ. ಮಳೆ ಬಿದ್ದು ಒಂದು ಬದಿ ಕುಸಿದಿತ್ತು.

"ಕೈ ಎಲ್ಲಿ ಬರ್ತದ?" ಎಂದು ತಾಯಿ ಕೇಳುವುದು ಕೇಳಿಸಿತು.

ಮಗಳು ದಿಬ್ಬದ ಮುಂದೆ ನಿಂತಳು. ಆ ದಿನ ಕುಣಿಯಲ್ಲಿ ತಾನು ಯಾವ ಕಡೆ ಇದ್ದೆ ಎಂದು ಒಮ್ಮೆ ತಿರುಗಿ ನೋಡಿಕೊಂಡಳು. ಬಗ್ಗಿ ಮಣ್ಣಿನ ಮೇಲೆ ಅಂಗೈ ಊರಿದಳು. "ಇವಿಡೆ" ಎಂದಳು. ಇಲ್ಲಿ.

"ಎಷ್ಟ ಕೆಳಗ?"

ಮಗಳು ಎದ್ದು ನಿಂತು ತನ್ನ ಎದೆಯ ಮಟ್ಟ ತೋರಿಸಿದಳು.

ಆಕೆ ಅಲ್ಲಿ ಕೂತರು. ಬರಿಗೈಯಲ್ಲಿ ಮಣ್ಣು ತೆಗೆಯತೊಡಗಿದರು. ಮೊಣಕೈ ತನಕ ತೋಡಿದರು. ಅದಕ್ಕಿಂತ ಕೆಳಗೆ ಕೈ ಹೋಗಲಿಲ್ಲ.

ನಾನು ಎದ್ದು ಹೋಗಲಿಲ್ಲ. ನನ್ನನ್ನು ಕರೆದಿರಲಿಲ್ಲ. ಎದುರಿಗೆ ಚಹಾ ಆರುತ್ತಿತ್ತು. ಎತ್ತಿಕೊಂಡು ಒಬ್ಬಳೇ ಕುಡಿದೆ.